ಬಾರದ ಗ್ಯಾಸಿಗೆ ಕಟ್ಟಿದ ಕಟ್ಟೆ

ನಮ್ಮ ಬೀದಿಗೆ ಆಗಾಗ ಸಿಲಿಂಡರಿನ ಗಾಡಿ ಬರುತ್ತದೆ. ಗಾಡಿಯವನು ಕೈಯಲ್ಲಿದ್ದ ಪಾನಾದಿಂದ ಸಿಲಿಂಡರಿಗೆ ಟಣಟಣ ಬಡಿದು, "ಗ್ಯಾಸ್ರೀ, ಗ್ಯಾಸ್!" ಎಂದು ಕೂಗುತ್ತಾನೆ. ಓಣಿಯ ಹೆಂಗಸರೆಲ್ಲ ಹೊರಗೆ ಬಂದರೆ ನಾನು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತೇನೆ. "ಅವನೇನು ನಿಮ್ಮನ್ನ ಹಿಡಕೊಂಡು ಹೋಗಾಕ ಬಂದಾನೇನ್ರಿ ಅತ್ತೀ?" ಎಂದು ಸೊಸೆ ನಗುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಇಷ್ಟು ವಯಸ್ಸಾದರೂ ಬೀದಿಯಲ್ಲಿ ಯಾರಾದರೂ ಆ ಮಾತನ್ನು ಗಟ್ಟಿಯಾಗಿ ಅಂದರೆ ನನ್ನ ಕಿವಿ ಬಿಸಿಯಾಗುತ್ತದೆ. ನಿಮಗಾದರೂ ಹೇಳಿಬಿಡುತ್ತೇನೆ. ನಗುವುದಿದ್ದರೆ ಪೂರ್ತಿ ಕೇಳಿ ನಗಿ.

ನಾನು ಹರಿಹರದವಳು. ಹೊಳೆಯ ನೀರು ಕುಡಿದು ಬೆಳೆದವಳಿಗೆ ದಾವಣಗೆರೆಗೆ ಸೊಸೆಯಾಗಿ ಬಂದಾಗ ಮೊದಲು ಕಂಡದ್ದು ಗಿರಣಿಗಳಿಂದ ಹಾರಿಬರುವ ಹತ್ತಿಯ ಹಿಂಜು. ಒಣಹಾಕಿದ ಸೀರೆಯ ಮೇಲೆ ಹಿಂಜು, ಹಪ್ಪಳದ ಮೇಲೆ ಹಿಂಜು, ಮುಚ್ಚಿಟ್ಟ ಮಜ್ಜಿಗೆ ಗಡಿಗೆಯಲ್ಲೂ ಹಿಂಜು. ಮೂಗಿಗೆ ಸೆರಗು ಹಿಡಿದುಕೊಂಡೇ ಮೊದಲ ವರ್ಷ ಕಳೆದೆ. ಓಣಿಯವರು ನನ್ನನ್ನು ಬಹಳ ನಾಚಿಕೆಯ ಹುಡುಗಿ ಎಂದುಕೊಂಡಿದ್ದರಂತೆ.

ಮಾವನವರಿಗೆ ಮಂಡಿಪೇಟೆಯಲ್ಲಿ ಹತ್ತಿಕಾಳಿನ ವ್ಯಾಪಾರ. ದೊಡ್ಡ ಸಾವುಕಾರರೇನಲ್ಲ. ಆದರೂ ಎಲ್ಲರೂ ಸಾವ್ಕಾರ್ರೇ ಎನ್ನುತ್ತಿದ್ದರು; ಅವರೂ ಬೇಡವೆನ್ನುತ್ತಿರಲಿಲ್ಲ. ಊರಲ್ಲಿ ಗಿರಣಿಗಳೇಳುವ ಕಾಲಕ್ಕೆ ಷೇರು ತೆಗೆದುಕೊಂಡ ಜೊತೆಗಾರರು ಕಣ್ಣೆದುರಿಗೇ ಮಾಳಿಗೆ ಕಟ್ಟಿಸಿದ್ದರು. ಹಿಂದೆಮುಂದೆ ನೋಡುತ್ತ ಕೂತ ಮಾವನವರಿಗೆ ಆ ಕೊರಗು ಹೋಗಿರಲಿಲ್ಲ. ಹಾಗಿರುವಾಗ ವ್ಯಾಪಾರದ ಮೇಲೆ ಮುಂಬಯಿಗೆ ಹೋದವರು ಅಲ್ಲೊಬ್ಬ ಸೇಟರ ಮನೆಯ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ನೋಡಿ ಬಂದರು.

"ಕಟ್ಟಿಗಿ ಇಲ್ಲ, ಬೆರಣಿ ಇಲ್ಲ, ಊದೋದಿಲ್ಲ. ಕಿವಿ ಹಿಂಡಿದ್ರೆ ಸಾಕು, ಶಂಖಪುಷ್ಪ ಹೂವಿದ್ದಂಗೆ ನೀಲಿ ಬೆಂಕಿ ಬರ್ತೈತೆ ನೋಡು," ಎಂದು ಅತ್ತೆಗೆ ವರ್ಣಿಸಿದರು.

"ಹೊಗಿ?" ಎಂದರು ಅತ್ತೆ.

"ಹೊಗಿ ಅನ್ನೋದೇ ಇಲ್ಲ."

"ಹೊಗಿ ಇಲ್ದ ಬೆಂಕಿ ಎಲ್ಲೈತ್ರಿ?" ಎಂದು ಅತ್ತೆ ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಗುಜರಾತಿನ ಕಡೆ ಯಾವುದೋ ಬಯಲಿನಲ್ಲಿ ನೆಲ ಕೊರೆದು ಗ್ಯಾಸು ತೆಗೆಯಲು ಒಂದು ಕಂಪನಿ ಎದ್ದಿತ್ತು. ಅದರ ಷೇರುಗಳನ್ನು ಮಾವನವರು ಮುಂಬಯಿಯಲ್ಲೇ ತೆಗೆದುಕೊಂಡಿದ್ದರು. ಅಷ್ಟಕ್ಕೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸೇಟರ ಮನೆಯಲ್ಲಿ ಹಳತಾಗಿ ಮೂಲೆಗಿಟ್ಟಿದ್ದ ಎರಡು ಕಣ್ಣಿನ ಎರಕದ ಒಲೆಯೊಂದನ್ನು ಗೋಣಿಯಲ್ಲಿ ಸುತ್ತಿಸಿ ರೈಲಿನಲ್ಲಿ ತಂದರು. ತಂದ ವಾರದಲ್ಲೇ ಗೌಂಡಿಯನ್ನು ಕರೆಸಿ ನಮ್ಮ ಮಣ್ಣಿನ ಒಲೆಗಳನ್ನು ಕೀಳಿಸಿ, ನಿಂತು ಅಡುಗೆ ಮಾಡುವಷ್ಟು ಎತ್ತರದ ಕಟ್ಟೆ ಕಟ್ಟಿಸಿದರು. ಅದರ ಮೇಲೆ ಒಲೆ ಕೂತಿತು. ಗ್ಯಾಸು ಮಾತ್ರ ಇನ್ನೂ ಗುಜರಾತಿನ ನೆಲದೊಳಗಿತ್ತು.

ಇದನ್ನು ಹುಚ್ಚೆಂದು ಈಗ ಸುಲಭವಾಗಿ ಹೇಳಬಹುದು. ಆಗ ಭದ್ರಾ ನಾಲೆಯ ಕೆಲಸ ನಡೆದಿತ್ತು. ಎಲ್ಲೋ ಮಲೆನಾಡಿನ ಸೆರಗಿನಲ್ಲಿ ಕಟ್ಟೆ ಕಟ್ಟಿದರೆ ಇಲ್ಲಿಯ ಎರೆಹೊಲಕ್ಕೆ ನೀರು ಬರುತ್ತದೆ ಎಂದಾಗಲೂ ಊರು ನಕ್ಕಿತ್ತು. "ನೀರು ಬರೋದಾದ್ರೆ ಗ್ಯಾಸು ಯಾಕ ಬರಬಾರ್ದು? ಅದು ನೀರಿಗಿಂತ ಹಗುರ," ಎನ್ನುತ್ತಿದ್ದರು ಮಾವನವರು.

ಕೂಡಲೇ ಒಪ್ಪಿದವರೆಂದರೆ ಮಹಬೂಬ್ ಸಾಬರು. ಓಣಿಯ ತಿರುವಿನಲ್ಲಿ ಅವರದು ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ. ಹಗಲೆಲ್ಲ ತಿದಿ ಒತ್ತಿ ಇದ್ದಿಲು ಉರಿಸಿ, ಕೆಂಪಗೆ ಕಾದ ಹಿತ್ತಾಳೆ ಪಾತ್ರೆಯೊಳಗೆ ತವರ ಸವರುವ ಕೆಲಸ. ಬೆಂಕಿಯ ಜೊತೆಗೇ ಬದುಕುವವರಿಗೆ ನೀಲಿ ಬೆಂಕಿಯ ಮಾತು ಎಷ್ಟು ರುಚಿಸಿರಬೇಡ! ಅವರೂ ಕೈಲಾದಷ್ಟು ಷೇರು ತೆಗೆದುಕೊಂಡರು. ಅಂದಿನಿಂದ ದಿನಾ ಮುಂಜಾನೆ ನಮ್ಮ ಜಗುಲಿಯ ಮೇಲೆ ಇಬ್ಬರದೂ ಸಭೆ. ಮಾವನವರು ಕನ್ನಡ ಪತ್ರಿಕೆಯಲ್ಲಿ ಗ್ಯಾಸಿನ ಸುದ್ದಿ ಹುಡುಕುವರು, ಸಾಬರು ಮುಂಬಯಿಯಿಂದ ಬರುವ ಉರ್ದು ಪತ್ರಿಕೆಯಲ್ಲಿ ಹುಡುಕುವರು. ಕಂಪನಿಯ ಸುದ್ದಿಪತ್ರ ಬಂದ ದಿನ ಮಿಲ್ಲಿನ ಆಫೀಸಿಗೆ ಹೊರಟ ನಮ್ಮವರನ್ನು ಇಬ್ಬರೂ ಹಿಡಿದು ನಿಲ್ಲಿಸಿ ಇಂಗ್ಲಿಷು ಓದಿಸುವರು.

"ಎಷ್ಟು ಆಳ ಹೋತಂತೆ ನೋಡಪ್ಪ."

ನಮ್ಮವರು ಹೇಳುವರು.

"ನಮ್ಮ ಹಿತ್ತಲ ಬಾವಿಗಿಂತ?"

"ಅಂಥ ಎಷ್ಟೋ ಬಾವಿ ಒಂದರಮೇಲೊಂದು ಇಟ್ಟಂಗೆ ಅಪ್ಪಾ."

ಮಹಬೂಬ್ ಸಾಬರು ಕಣ್ಣು ಮುಚ್ಚಿ ಆ ಆಳವನ್ನು ನೆನೆದು, "ಯಾ ಅಲ್ಲಾ!" ಎನ್ನುವರು. ಪ್ರತಿ ಪತ್ರದಲ್ಲೂ ಕಂಪನಿಯವರು ಬರೆಯುತ್ತಿದ್ದ ಒಂದು ಮಾತೆಂದರೆ, ಲಕ್ಷಣಗಳು ಎಂಕರೇಜಿಂಗ್ ಆಗಿವೆ ಎಂಬುದು. ಆ ಶಬ್ದ ನಮ್ಮ ಮನೆಯೊಳಗೇ ಬಂದು ಕೂತುಬಿಟ್ಟಿತು. ಮೋಡ ಹೆಂಗೈತೆ ಎಂದರೆ ಎಂಕರೇಜಿಂಗ್. ಹತ್ತಿಕಾಳಿನ ಧಾರಣೆ ಎಂಕರೇಜಿಂಗ್. ನಾದಿನಿ ಶಾಂತಾಳಿಗೆ ಲೋಕಿಕೆರೆಯಿಂದ ಬಂದಿದ್ದ ಸಂಬಂಧವೂ ಎಂಕರೇಜಿಂಗ್.

ಇತ್ತ ಒಲೆ ಕಿತ್ತ ಮನೆಯಲ್ಲಿ ಅಡುಗೆ ಎಲ್ಲಿ ಮಾಡುವುದು? ಮತ್ತೆ ಮಣ್ಣಿನ ಒಲೆ ಹಾಕಲು ಮಾವನವರು ಒಪ್ಪಲಿಲ್ಲ. "ನಾಲ್ಕು ದಿನದ ಮಾತು, ಹೆಂಗೋ ಸುಧಾರಿಸ್ರಿ," ಎಂದರು. ಸುಧಾರಿಸಿದೆವು. ಮನೆಯಲ್ಲಿ ಉಳಿದಿದ್ದ ಒಂದೇ ಒಲೆಯೆಂದರೆ ಬಚ್ಚಲಿನದು. ಬೆಳಗಿನ ಸ್ನಾನಗಳು ಮುಗಿದ ಮೇಲೆ ಹಂಡೆ ಇಳಿಸಿ, ನೆಲ ತೊಳೆದು, ಅದೇ ಒಲೆಯ ಮೇಲೆ ಸಾರು, ಅನ್ನ, ರೊಟ್ಟಿ. ಅಡುಗೆಮನೆಯ ಕಟ್ಟೆಯ ಮೇಲಿನ ಒಲೆಗೆ ಶಾಂತಾ ಕಸೂತಿಯ ಬಟ್ಟೆ ಹೊದಿಸಿದ್ದಳು. ಇದನ್ನು ಹೊರಗೆ ಬಾಯಿಬಿಡಬಾರದೆಂದು ನಾವು ಹೆಂಗಸರು ಒಪ್ಪಂದ ಮಾಡಿಕೊಂಡಿದ್ದೆವು. ಬಚ್ಚಲಲ್ಲಿ ಬೇಯಿಸಿ ಉಣ್ಣುವ ಮನೆಗೆ ಹೆಣ್ಣು ಕೇಳಲು ಯಾರು ಬಂದಾರು?

ಬಾಯಿಬಿಡದವಳು ತೌರಿಗೆ ಹೋದಾಗ ಬೇರೆಯದನ್ನೇ ಬಾಯಿಬಿಟ್ಟು ಬಂದಿದ್ದೆ. ಪಂಚಮಿಗೆ ಹರಿಹರಕ್ಕೆ ಹೋದಾಗ ನಮ್ಮವ್ವ ಒಲೆ ಊದಿ ಊದಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ, "ನಮ್ಮನ್ಯಾಗ ಇನ್ನು ಹಿಂಗಿಲ್ಲವ್ವ, ಗ್ಯಾಸಿನ ಒಲಿ ಬಂದೈತೆ," ಎಂದಿದ್ದೆ. ಒಲೆ ಬಂದದ್ದು ಸುಳ್ಳಲ್ಲವಲ್ಲ! ಅವ್ವ ಅದನ್ನು ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಎಲ್ಲರಿಗೂ ಸಾರಿದ್ದಾಳೆ. ಒಂದು ದಿನ ಹೇಳದೆ ಕೇಳದೆ ಅವ್ವ, ಅವಳ ಹಿಂದೆ ಹೊಳೆಯ ಜೊತೆಗಾತಿಯರ ಒಂದು ದಂಡು, ರೈಲಿಳಿದು ನಮ್ಮ ಬಾಗಿಲಿಗೆ ಬಂದರು. ಒಬ್ಬಾಕೆಯ ಕೈಯಲ್ಲಿ ಕಾಯಿ, ಊದುಬತ್ತಿ. ಹೊಸ ಬೆಂಕಿಗೆ ಪೂಜೆಯಂತೆ.

ಅತ್ತೆ ಅವರನ್ನು "ಬರ್ರಿ ಬರ್ರಿ, ಕೂಡ್ರಿ" ಎಂದು ಕೂರಿಸಿ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಹೆಂಗಸರು ಕೂರಲೊಲ್ಲರು. ನೇರ ಅಡುಗೆಮನೆಗೆ ಹೋಗಿ ಕಟ್ಟೆಯ ಸುತ್ತ ನಿಂತರು. ಅವ್ವ ಹೆಮ್ಮೆಯಿಂದ ಕಸೂತಿ ಬಟ್ಟೆ ತೆಗೆದಳು.

"ಇದೇನ, ಮದಿವಿ ಮೆರವಣಿಗ್ಯಾಗ ತಲೀ ಮ್ಯಾಲೆ ಹೊರೋ ಗ್ಯಾಸ್ ಲೈಟಿದ್ದಂಗಿಲ್ಲಲ್ಲ," ಎಂದಳೊಬ್ಬಾಕೆ.

"ಹಚ್ಚವ್ವ ಸರೋಜಾ, ನೋಡೋಣು," ಎಂದಳು ಅವ್ವ.

ನಾನು ಒಲೆಯ ಕಿವಿ ಹಿಂಡಿದೆ. ಯಾಕೆ ಹಿಂಡಿದೆನೋ ದೇವರಿಗೇ ಗೊತ್ತು. ಕಿರ್ ಎಂದಿತು. "ಈಗ ಗ್ಯಾಸು ನಿಂತೈತೆ," ಎಂದೆ. ಅದು ಹೊತ್ತುಹೊತ್ತಿಗೆ ಬರುವ ನಲ್ಲಿಯ ನೀರೇನೋ ಎಂಬಂತೆ ಅವರು ತಲೆಯಾಡಿಸಿದರು. ಅಲ್ಲಿಗೆ ಪಾರಾದೆವು ಎಂದುಕೊಂಡೆ. ಅಷ್ಟರಲ್ಲಿ ಕಾಲು ತೊಳೆಯಲೆಂದು ಹಿಂದಕ್ಕೆ ಹೋದ ಮುದುಕಿ ಬಚ್ಚಲಿನಿಂದಲೇ ಕೂಗಿದಳು:

"ಅಯ್ಯ ಶಿವನೇ! ಬಚ್ಚಲದಾಗ ಸಾರು ಕುದಿಯಾಕ ಹತ್ತೈತಲ್ರೇ!"

ಎಲ್ಲರೂ ಅಲ್ಲಿಗೆ ಹೋದರು. ಹಂಡೆಯ ಮಸಿಯ ಮಧ್ಯೆ ನಮ್ಮ ಸಾರು ತಳಮಳ ಕುದಿಯುತ್ತಿತ್ತು. ಪಕ್ಕದಲ್ಲಿ ಮೈ ತಿಕ್ಕುವ ಕಲ್ಲು, ಸೀಗೆಪುಡಿಯ ಬಟ್ಟಲು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಗುತ್ತಿದ್ದೆನೇನೋ. ಅವ್ವ ಸಾರನ್ನೂ ನೋಡಿದಳು, ನನ್ನನ್ನೂ ನೋಡಿದಳು, ಆಮೇಲೆ ಮುದುಕಿಯ ಕೈಯಿಂದ ಚೊಂಬು ಇಸಿದುಕೊಂಡು, "ನಡೀರಿ, ರೈಲಿಗೆ ಹೊತ್ತಾತು," ಎಂದಳು. ರೈಲಿಗೆ ಬೇಕಾದಷ್ಟು ಹೊತ್ತಿತ್ತು. ತಂದ ಕಾಯಿಯನ್ನು ಆ ಹೆಂಗಸು ಒಡೆಯದೆ ಹಾಗೆಯೇ ಹೊಸಿಲ ಬಳಿ ಇಟ್ಟು ಹೋದಳು.

ಆ ಮಳೆಗಾಲ ಕಳೆಯುವುದರೊಳಗೆ ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಬಂತು. ಕೊರೆದ ಬಾವಿಯಲ್ಲಿ ಗ್ಯಾಸು ಸಿಗಲಿಲ್ಲ, ಉಪ್ಪುನೀರು ಬಂತು, ಕಂಪನಿ ಯಂತ್ರ ಬಿಚ್ಚುತ್ತಿದೆ. ನಮ್ಮವರು ಓದಿದರು. ಮಾವನವರು ಮತ್ತೊಮ್ಮೆ ಓದಿಸಿದರು. ಮೂರನೆಯ ಸಲ ಓದೆನ್ನಲಿಲ್ಲ. ಆ ದಿನ ಮಹಬೂಬ್ ಸಾಬರು ಜಗುಲಿಗೆ ಬರಲಿಲ್ಲ. ಅವರ ಪತ್ರಿಕೆಯಲ್ಲೂ ಬಂದಿರಬೇಕು. ಮರುದಿನವೂ ಬರಲಿಲ್ಲ. ಬಂದರೇನು ಹೇಳುವುದೆಂದು ಹೆದರಿದ್ದ ಮಾವನವರು ಬರದಿದ್ದಕ್ಕೆ ಇನ್ನೂ ಕುಗ್ಗಿದರು.

ಅಂಗಡಿಗೆ ಹೋಗುವಾಗ ಸಾಬರ ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಸಂದಿಯಿಂದ, ಎಮ್ಮೆಗಳ ನಡುವೆ, ಧೋತರ ಎತ್ತಿಕೊಂಡು ಹೋಗಲು ಶುರುಮಾಡಿದರು. ಮಂಡಿಯಲ್ಲಿ ಹಮಾಲನೊಬ್ಬ, "ಸಾವ್ಕಾರ್ರೇ, ಗ್ಯಾಸು ಬಂತೇನ್ರಿ?" ಎನ್ನುವನು, ಇನ್ನೊಬ್ಬ, "ಬಂದೈತೆ, ಹೊಟ್ಟ್ಯಾಗ ಐತೆ," ಎನ್ನುವನು. ಇದನ್ನು ನಮ್ಮವರು ಬಂದು ಹೇಳಿದಾಗ ನನಗೆ ನಗು ಬಂದು, ನಗು ಬಂದದ್ದಕ್ಕೆ ನಾಚಿಕೆಯಾಯಿತು.

ಮಣ್ಣಿನ ಒಲೆ ಮತ್ತೆ ಬಂತು, ಕಟ್ಟೆಯ ಪಕ್ಕದಲ್ಲೇ. ಬೇರೆ ತೊಂದರೆ ಶುರುವಾದದ್ದು ಪಾತ್ರೆಗಳಿಂದ. ಹಿತ್ತಾಳೆ ಪಾತ್ರೆಯ ಕಲಾಯಿ ಸವೆದರೆ ಹುಳಿ ಬಿದ್ದದ್ದೆಲ್ಲ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ನಮ್ಮ ಪಾತ್ರೆಗಳೆಲ್ಲ ಸವೆದಿದ್ದವು. ಸಾಬರ ಹತ್ತಿರ ಯಾರು ಹೋಗಬೇಕು? ಬೇರೆ ಕಲಾಯಿಯವರಿದ್ದಾರಲ್ಲ ಎಂದು ನಮ್ಮವರು ಅಂದರೆ ಮಾವನವರು ಸಿಡುಕಿದರು.

"ಇಷ್ಟು ವರ್ಷ ಅವರ ಕೈಲಿ ಮಾಡ್ಸಿ ಈಗ ಇನ್ನೊಬ್ರ ಹತ್ರ ಹೋದ್ರೆ ಅವರು ಏನಂದ್ಕೊಂಡಾರು? ಮುಳುಗಿಸಿದ್ದಲ್ದೆ ಗಿರಾಕೀನೂ ತಪ್ಪಿಸಿದ ಅನ್ನಾಂಗಿಲ್ಲೇನು?"

"ಹಂಗಾದ್ರೆ ಅವರ ಹತ್ರಾನೇ ಹೋಗ್ರಿ," ಎಂದರು ಅತ್ತೆ.

"ಹೋಗ್ತೀನಿ," ಎಂದು ಹೋಗಲಿಲ್ಲ.

ಲೋಕಿಕೆರೆಯವರು ಶಾಂತಾಳನ್ನು ನೋಡಲು ಬಂದದ್ದು ಅಂಥ ಹೊತ್ತಿನಲ್ಲಿ. ಹೋಳಿಗೆ, ಕಟ್ಟಿನ ಸಾರು. ಬಂದವರು ಹೆಚ್ಚಿದ್ದರಿಂದ ದೊಡ್ಡ ಕೊಳಗದಲ್ಲೇ ಸಾರು ಕಾಸಬೇಕಾಯಿತು. ಅದರ ತಳದಲ್ಲಿ ತವರದ ಹೆಸರೂ ಇರಲಿಲ್ಲ. ಅತ್ತೆ ಅದನ್ನು ಮತ್ತೆ ಮತ್ತೆ ತಿಕ್ಕಿಸಿ, ಶಿವನ ಮೇಲೆ ಭಾರ ಹಾಕಿ ಒಲೆಗೇರಿಸಿದರು. ಹುಡುಗನ ಅಜ್ಜ ಸಾರು ಬಾಳ ರುಚಿ ಐತೆಂದು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಎಲೆಯಡಿಕೆ ಮೆಲ್ಲುವ ಹೊತ್ತಿಗೆ ಅವರ ಮುಖ ಬೆವರಿತು. ಅಂಗಳದ ತುಳಸಿಕಟ್ಟೆಯ ಬಳಿ ಕೂತು ಒಂದೇ ಸಮ ವಾಂತಿ ಮಾಡಿಕೊಂಡರು. ಇನ್ನಿಬ್ಬರಿಗೂ ಹೊಟ್ಟೆ ತೊಳಸಿತು. ಡಾಕ್ಟರು ಬಂದು ನೋಡಿ, ಪಾತ್ರೆ ತರಿಸಿ ಒಳಗೆ ಬೆರಳಾಡಿಸಿ, "ಏನ್ರೀ, ಕಲಾಯಿ ಹಾಕ್ಸಲ್ವೇನ್ರೀ ನಿಮ್ಮನೇಲಿ?" ಎಂದು ಎಲ್ಲರೆದುರಿಗೆ ಕೇಳಿದರು.

ಅಜ್ಜನಿಗೆ ಗುಣವಾಯಿತು. ಸಂಬಂಧ ಅಲ್ಲಿಗೆ ಮುಗಿಯಿತು. ಶಾಂತಾ ಅಳಲಿಲ್ಲ, ಆ ಕೊಳಗವನ್ನು ಹಿತ್ತಲಿಗೆ ಎಳೆದೊಯ್ದು ಕವುಚಿ ಹಾಕಿ ಬಂದಳು. ಮುಂದೆ ಅವಳಿಗೆ ಒಳ್ಳೆಯ ಮನೆಯೇ ಸಿಕ್ಕಿತೆನ್ನಿ. ಆದರೆ ಆ ಸಂಜೆ ಅದು ನಮಗೆ ಗೊತ್ತಿರಲಿಲ್ಲ.

ಬೆಳಗಾದ ಮೇಲೆ ಮಾವನವರು ಸ್ನಾನ ಮುಗಿಸಿ, ಪೂಜೆ ಮುಗಿಸಿ, ರುಮಾಲು ಸುತ್ತಿಕೊಂಡು ಹಿತ್ತಲಿಗೆ ಹೋದರು. ಕೊಳಗವನ್ನೆತ್ತಿ ಆ ರುಮಾಲಿನ ಮೇಲೆಯೇ ಇಟ್ಟುಕೊಂಡರು. ಆಳನ್ನು ಕರೆಯುತ್ತೇನೆಂದು ನಮ್ಮವರು ಓಡಿಬಂದರೂ ಕೊಡಲಿಲ್ಲ. "ಸಣ್ಣಪುಟ್ಟ ಪಾತ್ರಿ ಇದ್ರೆ ನೀನು ತಗೊಂಡು ಬಾರವ್ವ," ಎಂದು ನನಗೆ ಹೇಳಿದರು. ಮುಂದಿನ ಬಾಗಿಲಿನಿಂದಲೇ ಹೊರಟೆವು. ಜಗುಲಿಗಳ ಮೇಲೆ ಕೂತವರು ಕತ್ತು ಚಾಚಿ ನೋಡಿದರು. ನಾನು ಸೆರಗು ಮುಂದಕ್ಕೆಳೆದುಕೊಂಡು ಅವರ ಹಿಮ್ಮಡಿ ನೋಡುತ್ತ ನಡೆದೆ.

ಮಹಬೂಬ್ ಸಾಬರು ತಿದಿಯ ಮುಂದೆ ಕೂತಿದ್ದವರು ನಮ್ಮನ್ನು ಕಂಡು ತಟ್ಟನೆ ಎದ್ದರು. ಕೊಳಗವನ್ನು ಇಳಿಸಿಕೊಂಡು ತಮ್ಮ ಮಣೆಯನ್ನು ಒರೆಸಿ ಮಾವನವರಿಗೆ ಸರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನೀವು ಬರ್ತೀರಿ ಅಂತ ದಿನಾ ನೋಡಿದೆ, ಸಾಬ್ರೇ."

"ಹೆಂಗ ಬರ್ಲಿ ಸಾವ್ಕಾರ್ರೇ? ಯಾವ ಮುಖ ಇಟ್ಕೊಂಡು ಬರ್ಲಿ?"

"ನಿಮ್ಮ ಮುಖಕ್ಕೇನಾಗೈತ್ರಿ? ನಿಮ್ಮನ್ನ ಇದಕ್ಕ ಎಳೆದಾಂವ ನಾನು."

ಸಾಬರು ಕೊಳಗವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. "ನನ್ನನ್ನ ನೀವು ಎಳೆದ್ರಿ. ನಾನು ಇನ್ನೊಬ್ಬಾಕೀನ ಎಳೆದೀನ್ರೀ," ಎಂದರು.

ಕೊಕ್ಕನೂರಿನಲ್ಲಿ ಅವರ ತಂಗಿ ಜುಲೇಖಾ ಇದ್ದಳು. ಗಂಡ ಸತ್ತ ಮೇಲೆ ಬಳೆ ಮಾರಿ ಮಕ್ಕಳನ್ನು ಸಾಕುತ್ತಿದ್ದಳು. ತನ್ನ ಮದುವೆಯ ಬೆಳ್ಳಿ ಕಾಲ್ಗಡಗವನ್ನು ಅಣ್ಣನ ಕೈಯಲ್ಲಿಟ್ಟು, ನನ್ನ ಹೆಸರಲ್ಲೂ ಷೇರು ತಗೋ ಎಂದಿದ್ದಳಂತೆ. ಸಾಬರು ಅವಳಿಗೆ ಸುದ್ದಿ ಮುಟ್ಟಿಸಿರಲಿಲ್ಲ. ಅವಳಿಗೆ ಹೇಳದೆ ಮಾವನವರ ಜಗುಲಿಗೆ ಬಂದು ಕೂರಲು ಅವರಿಗೆ ಮನಸ್ಸೊಪ್ಪಿರಲಿಲ್ಲ. ಮಾವನವರಿಗೆ ಸಾಬರ ಮುಂದೆ ನಾಚಿಕೆ, ಸಾಬರಿಗೆ ತಂಗಿಯ ಮುಂದೆ ನಾಚಿಕೆ. ನಡುವೆ ಪಾಪ ಲೋಕಿಕೆರೆಯ ಅಜ್ಜ ವಾಂತಿ ಮಾಡಿಕೊಂಡಿದ್ದರು.

"ನಡೀರಿ, ಹೋಗಿ ಹೇಳಾನ," ಎಂದರು ಮಾವನವರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾರವ್ವ. ಹೆಣ್ಮಗಳ ಮುಂದೆ ಗಂಡಸ್ರಿಬ್ರೇ ಹೋಗಿ ನಿಂತ್ರೆ ಅದಕ್ಕ ಹೆದರಿಕಿ ಆಗ್ತೈತೆ," ಎಂದರು. ಹೆದರಿದ್ದವರು ಯಾರೆಂದು ನನಗೆ ಕಾಣುತ್ತಿತ್ತು.

ಹರಿಹರದ ತನಕ ರೈಲು, ಅಲ್ಲಿಂದ ಬಸ್ಸು, ಬಸ್ಸಿಳಿದ ಮೇಲೆ ನಡಿಗೆ. ದಾರಿಯುದ್ದಕ್ಕೂ ಇಬ್ಬರೂ ಮಳೆಬೆಳೆ ಮಾತಾಡಿದರು. ಜುಲೇಖಾಳ ಮನೆಯ ಬಾಗಿಲು ತಗ್ಗು. ಒಳಗೆ ಹೊಗೆ ತುಂಬಿತ್ತು. ಹೊಗೆಯೊಳಗಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದವಳು ಅಣ್ಣನನ್ನು ನೋಡಿದಳು, ಹಿಂದೆ ರುಮಾಲು ಸುತ್ತಿದ ಮಾವನವರನ್ನು ನೋಡಿದಳು, ನನ್ನನ್ನೂ ನೋಡಿದಳು. ಅವಳ ಮುಖ ಅರಳಿದ್ದನ್ನು ಹೇಗೆ ವರ್ಣಿಸಲಿ!

"ಗ್ಯಾಸು ಬಂತಾ ಭಾಯ್?" ಎಂದಳು.

ಸಾಬರು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಸಾವುಕಾರರೇ ಸೊಸೆಯನ್ನು ಕರೆದುಕೊಂಡು ಮನೆಬಾಗಿಲಿಗೆ ಬಂದ ಮೇಲೆ ಇನ್ನೇನು ಸುದ್ದಿಯಿದ್ದೀತು? ಚಾಪೆ ಹಾಸಿದಳು. ಮಗಳನ್ನು ಗೌಡರ ಮನೆಗೆ ಓಡಿಸಿ, ಅವರ ಮನೆಯ ಹಾಲನ್ನು ಅಲ್ಲೇ ಕಾಸಿಸಿ ಅವರ ಮನೆಯ ಲೋಟಗಳಲ್ಲೇ ತರಿಸಿದಳು, ನಾವು ಮುಜುಗರಪಡದೆ ಕುಡಿಯಲೆಂದು. ಬಾಗಿಲಲ್ಲಿ ಸೇರಿದ ಪಕ್ಕದವರಿಗೆ, "ಇವರೇ ರೀ, ನಾ ಹೇಳ್ತಿದ್ನಲ್ಲ ದಾವಣಗೇರಿ ಸಾವ್ಕಾರ್ರು," ಎಂದು ತೋರಿಸಿದಳು. ಹಾಲಿನ ಲೋಟ ಹಿಡಿದುಕೊಂಡು ನಾನು ಮಾವನವರ ಕಡೆ ನೋಡಿದೆ. ಯಾರಾದರೂ ಬೇಗ ಹೇಳಬಾರದೇ ಎನಿಸಿತ್ತು. ಅವರು ಲೋಟವನ್ನು ಕೆಳಗಿಟ್ಟು ಎದ್ದು ನಿಂತರು.

"ತಂಗೀ, ಗ್ಯಾಸು ಬರ್ಲಿಲ್ಲವ್ವ. ಉಪ್ಪುನೀರು ಬಂತು. ಇನ್ನು ಬರೋದೂ ಇಲ್ಲ. ನಿನ್ನ ಕಡಗ ಹೋತು. ನಿಮ್ಮಣ್ಣಂದು ಏನೂ ತಪ್ಪಿಲ್ಲ, ನನ್ನ ಮಾತು ನಂಬಿ ಹಿಂಗಾತು."

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಸರಿದುಹೋದರು. ಜುಲೇಖಾ ತನ್ನ ಬರಿಯ ಕಾಲುಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಒಳಗೆ ಹಸಿ ಕಟ್ಟಿಗೆ ಚಿಟಿಚಿಟಿ ಎನ್ನುತ್ತಿತ್ತು. ಆಮೇಲೆ ಅವಳು ಬಗ್ಗಿ ಮಾವನವರ ಲೋಟವನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ಹಾಲು ಆರ್ತೈತೆ, ಕುಡೀರಿ ಸಾವ್ಕಾರ್ರೇ," ಎಂದಳು.

ಅವರು ನಿಂತೇ ಕುಡಿದರು. ನಾನೂ ಕುಡಿದೆ. ಸಕ್ಕರೆ ಧಾರಾಳವಾಗಿ ಹಾಕಿಸಿದ್ದಳು.

ಹಿಂದಿರುಗುವಾಗ ರಸ್ತೆಯ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತ ಕೂತೆವು. ಮಾವನವರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಸಾಬ್ರೇ, ಆ ಹೆಣ್ಮಗಳು ನಾಲ್ಕು ಮಾತು ಬೈದಿದ್ರೆ ಚಲೋ ಇತ್ತು ನೋಡ್ರಿ," ಎಂದರು.

ಮಹಬೂಬ್ ಸಾಬರು ದಾರಿಯ ಧೂಳನ್ನೇ ನೋಡುತ್ತ ಹೇಳಿದರು:

"ಅವಳು ಬೈಯೋದೇ ಹಂಗೆ ರೀ, ಸಾವ್ಕಾರ್ರೇ."